ಪೇತ್ರನ ಅತ್ತೆಯ ಜ್ವರ

“ದೂರ ಸರಿ! ಇದು ಬರೇ ಡಬ್ಬಿ ಅಲ್ಲ, ದೇವಜ್ಞಾನ ಕಲಸೂ ಸಾಲಿ!” ಎಂದು ಆಮೋಸ ಘೋಷಿಸಿದಾಗ ಅವನ ಹೆಂಡತಿ ಸಲೋಮಿ ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು. ಅವಳು ಕತ್ತರಿಸಿಟ್ಟಿದ್ದ ಬಟ್ಟೆಗಳನ್ನು ಮೊಣಕೈಯಿಂದ ನೂಕಿ, ಹೊಲಿಗೆ ಯಂತ್ರದ ಪಕ್ಕದಲ್ಲೇ ಅವನು ಒಂದು ವಿಚಿತ್ರ ವಸ್ತುವನ್ನು ತಂದಿಟ್ಟ. ಕೆಳಗೆ ಹಳೆಯ ಮಿಕ್ಸರಿನ ಬುಡ, ಅದರ ಮೇಲೆ ಹಿಟ್ಟಿನ ಸ್ಟೀಲ್ ಡಬ್ಬಿ, ಡಬ್ಬಿಯ ಹೊಟ್ಟೆಯಲ್ಲಿ ಫೋನಿನ ಪರದೆ, ನೆತ್ತಿಯ ಮೇಲೆ ಬಸ್ಸಿನ ಹಾರ್ನು!

“ಡಬ್ಬಿ ನಂದು,” ಎಂದಳು ಸಲೋಮಿ.

“ಹಿಟ್ಟು ಬುಟ್ಟ್ಯಾಗ ಸುರವೀನಿ, ಏನೂ ಆಗಿಲ್ಲ. ನೀ ಮೊದಲ ಇದರ ಹೆಸರು ಕೇಳು. ಗಮಲಿಯೇಲ!”

ಗಮಲಿಯೇಲನೆಂದರೆ ಅಪೊಸ್ತಲ ಪೌಲನಿಗೆ ಪಾಠ ಹೇಳಿದ ಗುರು. ಅದಕ್ಕಿಂತ ಸಣ್ಣ ಹೆಸರು ಆಮೋಸನ ಯಂತ್ರಗಳಿಗೆ ಒಗ್ಗುತ್ತಿರಲಿಲ್ಲ. ಬಸ್ ಡಿಪೋದ ಎಲೆಕ್ಟ್ರಿಷಿಯನ್ ಕೆಲಸದಿಂದ ನಿವೃತ್ತನಾದ ಮೇಲೆ ಬೆಟಗೇರಿಯ ಆ ಪುಟ್ಟ ಮನೆಯ ಹಿತ್ತಲೇ ಅವನ ಪ್ರಯೋಗಶಾಲೆ. ಬಟ್ಟೆ ಒಣಗಿಸಲೆಂದು ಮಾಡಿದ ‘ಎಲೀಯ’ ಇಡೀ ಓಣಿಯ ಕರೆಂಟನ್ನು ತನ್ನೊಂದಿಗೆ ಪರಲೋಕಕ್ಕೆ ಒಯ್ದಿತ್ತು. ಸೊಳ್ಳೆ ಓಡಿಸಲೆಂದು ಮಾಡಿದ ‘ಮೋಶೆ’ ಊರಿನಲ್ಲಿದ್ದ ಸೊಳ್ಳೆಗಳನ್ನೆಲ್ಲ ಮನೆಗೆ ಕರೆಸಿತ್ತು!

ಈ ಗಮಲಿಯೇಲ ಹುಟ್ಟಲು ಮಾತ್ರ ಸಲೋಮಿಯೇ ಕಾರಣ. ಶನಿವಾರ ಸಭೆಯ ಹೆಂಗಸರ ಕೂಟದಲ್ಲಿ ಅವಳು ಸಂದೇಶ ಕೊಡಬೇಕಿತ್ತು. ಇಷ್ಟು ವರ್ಷ ಆ ಕೂಟದಲ್ಲಿ ಅವಳು ಜಮಖಾನೆ ಹಾಸಿದ್ದಳು, ಹಾಡು ಎತ್ತಿಕೊಟ್ಟಿದ್ದಳು, ಉಪಕಾರ ಸ್ಮರಣೆ ಮಾಡಿದ್ದಳು. ವಚನ ಬಿಡಿಸಿ ಹೇಳಿದ್ದಿಲ್ಲ. ಅವಳ ಪಾಲಿಗೆ ಬಂದದ್ದು ಮಾರ್ಕನ ಸುವಾರ್ತೆಯ ಸಣ್ಣದೊಂದು ಭಾಗ, ಮೂರೇ ವಚನ. ಪೇತ್ರನ ಅತ್ತೆಗೆ ಜ್ವರ ಬಂದು ಮಲಗಿದ್ದಾಳೆ. ಯೇಸುಸ್ವಾಮಿ ಬಂದು ಕೈಹಿಡಿದು ಎಬ್ಬಿಸುತ್ತಾನೆ. ಜ್ವರ ಬಿಡುತ್ತದೆ. ಅವಳು ಎದ್ದು ಬಂದವರನ್ನು ಉಪಚರಿಸುತ್ತಾಳೆ. ಇಷ್ಟೇ.

ಈ ಭಾಗದ ಮೇಲೆ ಸಲೋಮಿ ಎಷ್ಟೋ ಮಾತು ಕೇಳಿದ್ದಳು. ಎಲ್ಲವೂ ಒಂದೇ ಕಡೆ ಹೋಗಿ ನಿಲ್ಲುತ್ತಿದ್ದವು: ನೋಡಿರಿ, ಎದ್ದ ತಕ್ಷಣ ಸೇವೆ! ಕೇಳಿ ಮನೆಗೆ ಬಂದು ಪಾತ್ರೆ ತಿಕ್ಕುವಾಗ ಅವಳ ತಲೆಯಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು. ಜ್ವರದಿಂದ ಆಗತಾನೆ ಎದ್ದವಳಿಗೆ ‘ಒಂದು ಗಳಿಗೆ ಕೂಡವ್ವ’ ಅನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲವೆ? ಕೇಳಿದರೆ ಇವಳ ನಂಬಿಕೆಯೇ ಸಡಿಲ ಎಂದುಕೊಂಡಾರು ಎಂದು ಸುಮ್ಮನಿದ್ದಳು. ಈಗ ಅವಳೇ ನಿಂತು ಹೇಳುವ ಸರದಿ!

ಫೋನಿನಲ್ಲಿ ವ್ಯಾಖ್ಯಾನ ಹುಡುಕಿದರೆ ಒಂದಲ್ಲ, ರಾಶಿ ಸಿಕ್ಕವು. ಹೆಬ್ಬೆರಳು ನೋಯುವ ತನಕ ಮೇಲೆ ಸರಿಸಿದರೂ ಮೂರು ವಚನದ ವಿವರಣೆ ಮುಗಿಯಲೊಲ್ಲದು. “ಇಷ್ಟು ಮಂದ್ಯಾಗ ಯಾರ ಮಾತು ಹಿಡೀಲಿ?” ಎಂದು ಅವಳು ನಿಟ್ಟುಸಿರು ಬಿಟ್ಟದ್ದೇ ತಡ, ಆಮೋಸ ಸ್ಕ್ರೂಡ್ರೈವರ್ ಹಿಡಿದು ಹಿತ್ತಲಿಗೆ ನಡೆದಿದ್ದ.

“ನಲವತ್ತಕ್ಕೂ ಹೆಚ್ಚು ವ್ಯಾಖ್ಯಾನ ತುಂಬೀನಿ,” ಎಂದ ಈಗ, ಡಬ್ಬಿಯ ಬೆನ್ನು ತಟ್ಟಿ. “ಯಾವ ಭಾಷಾದಾಗ ಬರದಿದ್ರೂ ಕನ್ನಡದಾಗ ಹೇಳತೈತಿ!”

“ಛಲೋ ಅದಾವೇನ್ರಿ ಅವು?”

“ಪುಕ್ಕಟೆ ಅದಾವು!”

“ಅವನ್ನ ಬರದಾವ್ರು ಯಾರು?”

“ದೊಡ್ಡ ದೊಡ್ಡ ಮಂದಿ. ಎಲ್ಲಾರೂ ಎಂದೋ ತೀರಿಕೊಂಡಾರ. ನೀ ಅದನ್ನೆಲ್ಲಾ ವಿಚಾರ ಮಾಡಬ್ಯಾಡ. ಈ ಪಟ್ಟಿ ಕೈಗೆ ಕಟ್ಟಿಕೋ. ನಿನ್ನ ನಾಡಿ ನೋಡಿ, ನಿನ್ನ ಆತ್ಮಕ್ಕ ಯಾವುದು ಬೇಕೋ ಅದನ್ನ ಗಮಲಿಯೇಲ ತಾನ ಆರಿಸತಾನ!”

ಸಲೋಮಿ ಪಟ್ಟಿ ಕಟ್ಟಿಕೊಂಡು, ಹಾರ್ನಿನ ಹತ್ತಿರ ಬಗ್ಗಿ ಕೇಳಿದಳು, “ಪೇತ್ರನ ಅತ್ತಿ ಜ್ವರ ಬಿಟ್ಟ ಕೂಡಲೇ ಯಾಕ ಎದ್ದು ಉಪಚಾರ ಮಾಡಿದಳು?”

ಮಿಕ್ಸರ್ ಗುರ್ರೆಂದಿತು. ಹಾರ್ನಿನಿಂದ ಗಂಭೀರವಾದ ಗಂಡುದನಿ ಹೊರಟಿತು. “ಆ ಪ್ರಾಂತದ ಮನೆಗಳನ್ನು ಕಪ್ಪು ಕಲ್ಲಿನಿಂದ ಕಟ್ಟುತ್ತಿದ್ದರು. ಗೋಡೆಗಳ ದಪ್ಪವನ್ನು ಕುರಿತು...”

“ನಾ ಗ್ವಾಡಿ ಕೇಳಿಲ್ಲ!” ಎಂದಳು ಸಲೋಮಿ. ಅವಳ ನಾಡಿ ಏರಿತು.

ದನಿ ಬದಲಾಯಿತು. “‘ಎದ್ದು’ ಎಂಬುದು ಕ್ರಿಯಾಪದ. ಇದರ ಕಾಲ, ವಚನ, ಲಿಂಗಗಳನ್ನು ಈಗ ಪರಿಶೀಲಿಸೋಣ.”

“ರೀ, ಇದು ವ್ಯಾಕರಣ ಹೇಳಾಕತ್ತೈತಿ!” ನಾಡಿ ಇನ್ನೂ ಏರಿತು.

ಈಗ ಜೇನಿನಲ್ಲಿ ಅದ್ದಿದಂಥ ದನಿ. “ಮಗಳೇ, ನಿನ್ನ ಹೃದಯವು ಕದಡಿದೆ. ಕೋಪವು ಸ್ತ್ರೀಗೆ ಭೂಷಣವಲ್ಲ.”

ಸಲೋಮಿ ಪಟ್ಟಿ ಕಿತ್ತು ಗಂಡನ ಮಡಿಲಿಗೆ ಎಸೆದಳು. “ಇದನ್ನ ಬರದಾವಗ ಹೇಣ್ತಿ ಇದ್ದಳೋ ಇಲ್ಲೋ, ಅದನ್ನ ಕೇಳಿ ಹೇಳ್ರಿ!”

“ಶುರುವಿಗೆ ಎಲ್ಲಾ ಯಂತ್ರ ಹಿಂಗ ಇರ್ತಾವ,” ಎಂದು ಆಮೋಸ ತಲೆ ಕೆರೆದುಕೊಂಡ. “ನಾಡಿ ಬಿಟ್ಟು ಮೈಕಿನ ಕಿವಿ ಹಚ್ಚತೀನಿ, ಮಾತು ಕೇಳಿ ಆರಿಸಲಿ.”

ಕಿವಿ ಹಚ್ಚಿದ್ದೇ ಅನಾಹುತವಾಯಿತು! ಇಷ್ಟು ಹೊತ್ತು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತಿದ್ದ ಗಮಲಿಯೇಲ, ಮರುದಿನದಿಂದ ಮನೆಯಲ್ಲಿ ಯಾರು ಏನು ಆಡಿದರೂ ಅದನ್ನು ವೇದವಚನವೆಂದೇ ತಿಳಿದು ಬಿಡಿಸತೊಡಗಿತು.

ಮೊದಲು ಸಿಕ್ಕಿಬಿದ್ದವಳು ಪಕ್ಕದ ಮನೆಯ ಗಂಗವ್ವ. ಪಾಪ, ಅವಳು ಬಾಗಿಲಲ್ಲಿ ನಿಂತು ಅಂದದ್ದು ಇಷ್ಟೇ: “ಸಲೋಮಕ್ಕ, ಕುಬಸದ ತೋಳು ಬಿಗಿ ಆಗ್ಯಾವ ನೋಡು.”

“‘ತೋಳು’ ಎಂಬುದು ಪುರಾತನರಲ್ಲಿ ಬಲದ ಗುರುತು,” ಎಂದಿತು ಹಾರ್ನು, ಓಣಿಗೆಲ್ಲ ಕೇಳುವಂತೆ. “‘ಬಿಗಿ’ ಎಂಬುದರ ಬಗ್ಗೆ ಪಂಡಿತರಲ್ಲಿ ಎರಡು ಪಕ್ಷಗಳಿವೆ. ಕುಪ್ಪಸವು ಕಿರಿದಾಯಿತೆಂದು ಕೆಲವರು. ಒಳಗಿನ ತೋಳೇ ಹಿರಿದಾಯಿತೆಂದು ಇನ್ನು ಕೆಲವರು. ಎರಡನೆಯ ಪಕ್ಷವೇ ಬಲವಾದದ್ದು.”

“ಯಾವನವ?” ಎಂದು ಗಂಗವ್ವ ಸೆರಗು ಸಿಕ್ಕಿಸಿದಳು. “ಒಳಗ ಯಾರನ್ನ ಕುಂದರಿಸಿಕೊಂಡೀರಿ? ಹೊರಗ ಬರಾಕ ಹೇಳು ಅವಂಗ!”

ಹಿಟ್ಟಿನ ಡಬ್ಬಿ ಮಾತಾಡಿತೆಂದರೆ ಅವಳು ನಂಬುವುದುಂಟೆ? ಕುಪ್ಪಸ ಕಸಿದುಕೊಂಡು ಹೋದಳು. ಸಂಜೆಯ ಹೊತ್ತಿಗೆ ಸಲೋಮಿಯ ಮನೆಗೆ ಒರಟು ನಾಲಿಗೆಯ ನೆಂಟನೊಬ್ಬ ಬಂದಿದ್ದಾನೆಂಬ ಸುದ್ದಿ ಓಣಿಯ ಕೊನೆ ಮುಟ್ಟಿತು.

ಊಟಕ್ಕೆ ಕುಳಿತ ಆಮೋಸ ಎಂದಿನಂತೆ, “ಪಲ್ಯಾಕ ಉಪ್ಪು ಕಡಿಮಿ ಐತಿ,” ಎಂದ.

“ಈ ವಾಕ್ಯದ ಕರ್ತೃ ಯಾರೆಂಬುದರಲ್ಲಿ ಸಂದೇಹವಿಲ್ಲ,” ಎಂದಿತು ಗಮಲಿಯೇಲ. “ನಿನ್ನೆಯ ಊಟದಲ್ಲಿಯೂ ಇದೇ ಮಾತು ಬಂದಿದೆ. ಈ ಲೇಖಕನು ಅಡುಗೆಯನ್ನು ಹೊಗಳಿದ ಭಾಗವು ಎಲ್ಲಿಯೂ ದೊರೆತಿಲ್ಲ. ಅದು ಮೂಲದಲ್ಲಿಯೇ ಇರಲಿಲ್ಲವೆಂದು ಬಹುಮತ.”

ಸಲೋಮಿ ತುತ್ತು ಕೈಯಲ್ಲೇ ಹಿಡಿದು ಡಬ್ಬಿಯನ್ನು ನೋಡಿದಳು. ಬಂದಾಗಿನಿಂದ ಅದರ ಮೇಲೆ ಅವಳಿಗೆ ಪ್ರೀತಿ ಹುಟ್ಟಿದ್ದು ಇದೇ ಮೊದಲು!

“ಇದನ್ನ ಬಂದ್ ಮಾಡಬೇಕು,” ಎಂದ ಆಮೋಸ.

“ಇರಲಿ ಬಿಡ್ರಿ. ಬಹುಮತ ಅಂತ.”

ಆದರೆ ಶನಿವಾರ ಹತ್ತಿರವಾಗುತ್ತಿತ್ತು. ಹೇಳಲು ಒಂದು ಮಾತೂ ಕೂಡಿರಲಿಲ್ಲ. ಗುರುವಾರ ಮಧ್ಯಾಹ್ನ ಪಾದ್ರಿಗಳ ಹೆಂಡತಿ ದಯಾಮಣಿ ಅಮ್ಮನವರು ತಯಾರಿ ಹೇಗಿದೆಯೆಂದು ನೋಡಲು ಬಂದಾಗ ಸಲೋಮಿ ಹೆಚ್ಚುಕಡಿಮೆ ಅಳುವ ಸ್ಥಿತಿಯಲ್ಲಿದ್ದಳು.

“ನನಗ ಆಗಂಗಿಲ್ರಿ ಅಮ್ಮಾರ. ಬ್ಯಾರೆ ಯಾರಿಗರ ಹೇಳ್ರಿ. ಒಬ್ಬ ಹಿಂಗಂತಾನ, ಇನ್ನೊಬ್ಬ ಹಂಗಂತಾನ. ಕೇಳಿ ಕೇಳಿ ತಲಿ ಗಿರಣಿ ಆಗೈತಿ.”

“‘ಗಿರಣಿ’ ಎಂದರೆ...” ಎಂದು ಡಬ್ಬಿ ಬಾಯಿ ತೆರೆಯಿತು. ಅಮ್ಮನವರು ತಮ್ಮ ಕೈಚೀಲವನ್ನು ಹಾರ್ನಿನ ಬಾಯಿಗೆ ತುರುಕಿದರು.

“ಮದಲ ಹೇಳು, ಆ ಮೂರು ವಚನ ನೀನ ಎಷ್ಟು ಸಲ ಓದೀದಿ?”

ಸಲೋಮಿ ಯೋಚಿಸಿದಳು. “ಒಂದು ಸಲ ಓದಿ, ಆಮ್ಯಾಲೆ ಬರೇ ಇವರದ್ದ ಕೇಳಾಕತ್ತೀನಿ.”

“ಅದ ನೋಡು! ಮದುವಿಗೆ ಹೋಗಿ ಮದುಮಕ್ಕಳನ್ನ ನೋಡದ ಬರೇ ಬೀಗರ ಮಾತು ಕೇಳಿ ಬಂದಂಗಾತು. ಮದಲ ನೀ ಓದು. ನಿನ್ನ ಪ್ರಶ್ನಾ ಏನೈತಿ ಅದನ್ನ ಗಟ್ಟಿ ಮಾಡಿಕೋ. ಆಮ್ಯಾಲೆ ಇಬ್ಬರನ್ನ ಕರಿ, ಸಾಕು. ಒಬ್ಬ ಮಾತಿನ ಅರ್ಥ ಬಲ್ಲಾಂವ ಇರಲಿ, ಇನ್ನೊಬ್ಬ ಬಾಳ್ವಿ ಬಗ್ಗೆ ಹೇಳಾಂವ. ಅವರು ಯಾರು, ಯಾವ ಕಾಲದಾಗ ಯಾರಿಗೆ ಬರದಾರ ಅನ್ನೂದು ನೋಡಿಕೋ. ಒಪ್ಪಿದ್ರ ಒಪ್ಪು, ಇಲ್ಲಂದ್ರ ಕೈಮುಗಿದು ಕಳಸು.”

“ದೊಡ್ಡ ಪಂಡಿತರಂತ್ರಿ ಅವರು. ನಾ ಒಪ್ಪದ ಇರಬಹುದೇನ್ರಿ?”

“ಜ್ವರ ಬಂದಾಗ ಒಲಿ ಮುಂದ ನಿಂತಾವ್ರೇನು ಅವರು?” ಎಂದರು ಅಮ್ಮನವರು.

ಅವರು ಹೋದ ಮೇಲೆ ಸಲೋಮಿ ಗಮಲಿಯೇಲನ ವಯರು ತೆಗೆದಿಟ್ಟು, ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಅದರ ಮೇಲೆ ಬೈಬಲ್ ಬಿಚ್ಚಿಕೊಂಡು ಕುಳಿತಳು. ಓದಿದಳು. ಮತ್ತೆ ಓದಿದಳು. ಆ ಹೆಂಗಸಿಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಮನೆಯವರು ಅವಳ ಬಗ್ಗೆ ಸ್ವಾಮಿಗೆ ಹೇಳುತ್ತಾರೆ. ಅವನು ಹತ್ತಿರ ಹೋಗುತ್ತಾನೆ, ಕೈಹಿಡಿಯುತ್ತಾನೆ. ಸಲೋಮಿಯ ಬೆರಳು ಆ ಸಾಲಿನಲ್ಲಿಯೇ ನಿಂತಿತು. ಅವನು ‘ಎದ್ದು ಅಡುಗೆ ಮಾಡು’ ಎಂದಿರಲಿಲ್ಲ! ಯಾರೂ ಎಂದಿರಲಿಲ್ಲ. ಇಷ್ಟು ವರ್ಷ ಅವಳು ಅದನ್ನು ಕೇಳಿಸಿಕೊಂಡದ್ದು ಬರೆದದ್ದರಲ್ಲಿ ಅಲ್ಲ, ಬರೆದದ್ದರ ಮೇಲೆ ಮಂದಿ ಆಡಿದ್ದರಲ್ಲಿ.

ಆಮೇಲೆ ಆಮೋಸನನ್ನು ಕರೆದು ಎರಡೇ ದನಿ ಉಳಿಸಿ ಮಿಕ್ಕವುಗಳ ಬಾಯಿ ಕಟ್ಟಿಸಿದಳು. ಬಾಳ್ವೆಯ ಪಂಡಿತ, ಸ್ತ್ರೀಯರು ಹಾಸಿಗೆಯಲ್ಲಿ ಹೆಚ್ಚು ಹೊತ್ತು ಇರಬಾರದೆಂದು ಶುರುಮಾಡಿದ. ಸಲೋಮಿ ಅಮ್ಮನವರ ಮಾತಿನಂತೆ ಕೈಮುಗಿದು ಕಳಿಸಿದಳು. ಮಾತಿನ ಅರ್ಥ ಬಲ್ಲವನು ಒಣಗಿದ ದನಿಯಲ್ಲಿ ಒಂದೇ ಸಂಗತಿ ಹೇಳಿದ. ಅದೇ ಅಧ್ಯಾಯದ ಆರಂಭದಲ್ಲಿ ದೇವದೂತರು ಅಡವಿಯಲ್ಲಿ ಯೇಸುವನ್ನು ಉಪಚರಿಸಿದರು ಎಂಬಲ್ಲಿಯೂ ಮೂಲದಲ್ಲಿ ಇದೇ ಕ್ರಿಯಾಪದವಿದೆ.

“ಏನಂದಿ? ಇನ್ನೊಮ್ಮೆ ಹೇಳಪ್ಪಾ,” ಎಂದಳು ಸಲೋಮಿ, ಯಂತ್ರವೆಂಬುದನ್ನೇ ಮರೆತು.

ಶನಿವಾರ ಅವಳು ಮನೆ ಬಿಡುವಾಗ ಗಂಡನಿಗೆ ಸ್ಪಷ್ಟವಾಗಿ ಹೇಳಿದಳು, “ಡಬ್ಬಿ ತರಬ್ಯಾಡ್ರಿ.”

“ಛೇ ಛೇ!” ಎಂದ ಆಮೋಸ. ಅವಳು ದೇವಾಲಯ ಮುಟ್ಟುವಷ್ಟರಲ್ಲಿ ಡಬ್ಬಿ ಮೇಜಿನ ಕೆಳಗೆ, ಬಟ್ಟೆಯ ಮರೆಯಲ್ಲಿ, ಮೈಕಿನ ವಯರಿಗೆ ಅಂಟಿಕೊಂಡು ಕುಳಿತಿತ್ತು! ಇದ್ದೊಬ್ಬ ಗಂಡಸು ಆಮೋಸ ಕೊನೆಯ ಬೆಂಚಿನಲ್ಲಿ ಏನೂ ತಿಳಿಯದವನಂತೆ ಚಾವಣಿ ನೋಡುತ್ತಿದ್ದ.

ಸಲೋಮಿ ಎದ್ದು ನಿಂತಳು. ವಚನ ಓದಿದಳು, ನೀರು ಕುಡಿದಳು, ಆಮೇಲೆ ಬಾಯಿಗೆ ಬಂದಂತೆ ಹೇಳತೊಡಗಿದಳು.

“ಹ್ವಾದ ವರ್ಷ ನನಗೂ ಜ್ವರ ಬಂದಿತ್ರಿ. ಚಹಾ ಮಾಡಾವ್ರು ನಮ್ಮ ಮನಿಯವರು. ಶುಂಠಿ ಅಂತ ತಿಳದು ಅರಿಷಿಣ ಕೊಂಬು ಕುಟ್ಟಿ ಹಾಕಿದ್ರು. ಕೊಟ್ಟದ್ದನ್ನೆಲ್ಲಾ ಕುಡದೆ. ಜ್ವರ ಬಿಟ್ಟ ದಿನ ನಾ ಎದ್ದು ನೆಟ್ಟಗ ಒಲಿ ಕಡೆ ಹ್ವಾದೆ. ಯಾರೂ ಏಳು ಅನ್ನಲಿಲ್ಲ. ನನಗ ನನ್ನ ಕೈ ಚಹಾ ಬೇಕಾಗಿತ್ತು!”

ಕೂಟವೆಲ್ಲ ನಕ್ಕಿತು. ಕೊನೆಯ ಬೆಂಚು ಮಾತ್ರ ನಗಲಿಲ್ಲ.

“ನಾ ಒಂದ ಲೋಟ ಮಾಡಲಿಲ್ರಿ. ಅವರಿಗೂ ಮಾಡಿದೆ. ಆ ತಾಯಿನೂ ಹಂಗ ಎದ್ದಿರಬೇಕು. ಅಕಿಗೆ ಯಾರೂ ಹುಕುಂ ಕೊಟ್ಟಿಲ್ಲ. ಅಕಿ ಮನಿ ಅದು, ಅಕಿ ಕೈಯಾಗ ಮತ್ತ ಬಲ ಬಂತು, ಎದ್ದಳು. ದೇವದೂತರು ಸ್ವಾಮಿಗೆ ಮಾಡಿದ ಕೆಲಸಕ್ಕ ಯಾವ ಮಾತು ಐತೋ, ಅಕಿ ಮಾಡಿದ್ದಕ್ಕೂ ಅದ ಮಾತು ಬರದಾರಂತ. ಒಲಿ ಮುಂದಿನ ಕೆಲಸ ಸಣ್ಣದು ಅಂತ ಇನ್ನ ಮ್ಯಾಲೆ ಯಾರೂ ಅನಬ್ಯಾಡ್ರಿ.” ಅವಳು ಮತ್ತೆ ಬೈಬಲಿನ ಸಾಲಿನ ಮೇಲೆ ಬೆರಳಿಟ್ಟಳು. “ಆದ್ರ ‘ಒಂದು ಗಳಿಗೆ ಕೂಡವ್ವ’ ಅಂತ ಯಾರರ ಅಂದ್ರೋ ಇಲ್ಲೋ, ಅದನ್ನ ಬರದಿಲ್ಲ. ಬರದಿಲ್ಲಂದ್ರ ಅದನ್ನ ನಾವು ಅನ್ನಬಹುದು. ನಿಮ್ಮ ಮನ್ಯಾಗ ಯಾರರ ಜ್ವರದಿಂದ ಎದ್ರ, ಅವತ್ತು ನೀರು ನೀವ ಕಾಸ್ರಿ.”

ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು. ಸಲೋಮಿ ಕುಳಿತಳು. ದಯಾಮಣಿ ಅಮ್ಮನವರು ಚಿಕ್ಕದಾಗಿ ಪ್ರಾರ್ಥಿಸಿದರು. ಎಲ್ಲರೂ ಒಟ್ಟಾಗಿ, “ಆಮೆನ್!” ಎಂದರು.

“ಆಮೆನ್,” ಎಂದಿತು ಮೇಜಿನ ಬುಡ, ನಾಲ್ಕೂ ಸ್ಪೀಕರಿನಲ್ಲಿ. “ಇದು ಹೀಬ್ರೂ ಮೂಲದ ಪದ!”

ಹೆಂಗಸರು ಬೆಚ್ಚಿದರು. ಆಮೋಸ ಓಡಿಬಂದ. “ನಡುವ ಬಾಯಿ ಹಾಕಬಾರದು ಅಂತ, ಆಮೆನ್ ಆದ ಮ್ಯಾಲೆ ಮಾತಾಡು ಅಂತ ಸೆಟ್ ಮಾಡಿದ್ದೆ!” ಎಂದು ಪಿಸುಗುಟ್ಟಿದ.

ಬಾಯಿ ಕಟ್ಟಿದ್ದ ದನಿಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡಿದ್ದವು. ‘ನಿಶ್ಚಯ’ ಎಂದನೊಬ್ಬ. ‘ಹಾಗೆಯೇ ಆಗಲಿ’ ಎಂದ ಇನ್ನೊಬ್ಬ. ಸರದಿಯಂತೆ ಎಲ್ಲರೂ ಹೇಳಿ ಮುಗಿಸಿದರು. ಕಡೆಗೆ ಜೇನುದನಿಯವನು ಭಕ್ತಿಯಿಂದ ಮುಕ್ತಾಯ ಮಾಡಿದ. ಸಾಲುಗಳಲ್ಲಿ ನೆಮ್ಮದಿಯ ಉಸಿರು ಹೊರಟಿತು. ಆಗ ಮುಂದಿನ ಸಾಲಿನ ಸಾರಮ್ಮಜ್ಜಿ, ಕಿವಿ ಮಂದವಾದರೂ ಭಕ್ತಿ ಮಂದವಾಗದ ಮುದುಕಿ, ಕಣ್ಣು ಮುಚ್ಚಿಕೊಂಡೇ ಗಟ್ಟಿಯಾಗಿ, “ಆಮೆನ್!” ಎಂದಳು.

“ಆಮೆನ್. ಇದು ಹೀಬ್ರೂ ಮೂಲದ ಪದ!”

ಆಮೋಸ ವಯರು ಕಿತ್ತ. ನಿಲ್ಲಲಿಲ್ಲ, ಕರೆಂಟು ಹೋದರೂ ದೇವರ ಮಾತು ನಿಲ್ಲಬಾರದೆಂದು ಅವನು ಹಿಂದಿನ ರಾತ್ರಿ ಒಳಗೆ ಬಸ್ಸಿನ ಬ್ಯಾಟರಿಯನ್ನೂ ಕೂಡಿಸಿದ್ದನಂತೆ! ಅಮ್ಮನವರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಸಾರಮ್ಮಜ್ಜಿಯ ಕಣ್ಣು ಮುಚ್ಚಿತ್ತಲ್ಲ! ಮೂರನೆಯ ಸುತ್ತಿಗೂ ಅವಳು ತಪ್ಪದೆ ಉತ್ತರ ಕೊಟ್ಟಳು. ಆಮೆನ್ ನಡೆಯುತ್ತಿರುವಾಗ ದೇವಾಲಯದಿಂದ ಹೊರಗೆ ಹೋಗಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಬಾಯಿಗೆ ಒತ್ತಿಕೊಂಡು ಜಗುಲಿಗೆ ಜಾರಿದರು. ಒಳಗೆ ಉಳಿದವರು ಡಬ್ಬಿ, ಡಬ್ಬಿಯನ್ನು ತಬ್ಬಿಕೊಂಡ ಆಮೋಸ, ಮತ್ತು ಅಷ್ಟು ಒಳ್ಳೆಯ ಕೂಟವನ್ನು ಎಂದೂ ಕಂಡಿರದ ಸಾರಮ್ಮಜ್ಜಿ.

ಜಗುಲಿಯಲ್ಲಿ ಚುರುಮುರಿ ಹಂಚುತ್ತಿದ್ದಾಗ ಗೇಟು ತೆರೆದು ಪಾದ್ರಿ ಅಯ್ಯನವರೇ ಬಂದರು. ಒಳಗಿನ ಗದ್ದಲಕ್ಕೆ ಕಿವಿಗೊಟ್ಟು, “ಇನ್ನೂ ಮುಗಿದಿಲ್ಲೇನವ್ವ? ಯಾರು ಪ್ರಸಂಗ ಮಾಡಾಕತ್ತಾರ?” ಎಂದು ಕೇಳಿದರು.

ದಯಾಮಣಿ ಅಮ್ಮನವರು ಗಂಡನ ಮುಖ ನೋಡದೆ ಚುರುಮುರಿಯ ತಟ್ಟೆ ನೋಡಿದರು.

“ಹೊಸಬರ್ರೀ ಅಯ್ಯಾರ,” ಎಂದಳು ಸಲೋಮಿ. “ಭಾಳ ಓದಿಕೊಂಡಾರ. ನಿಲ್ಲಸೂದೊಂದು ಕಲತ್ರ, ನಮ್ಮ ಸಭಾದಾಗ ಪ್ರಸಂಗ ನಿಲ್ಲಸಾಕ ಬಂದ ಮದಲನೇದವರು ಅವರ ಆಗ್ತಾರ.”