ಇಪ್ಪತ್ತರ ಗೆರೆ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಶಾಲೆ ಆ ಕ್ಷಣಕ್ಕೆ ಎಳೆಯುತ್ತಿರುವ ಕರೆಂಟನ್ನು ತೋರಿಸುವ ಮೀಟರಿನ ಅಂಕಿ ಇಪ್ಪತ್ತು ದಾಟಬಾರದು. ಆ ಹೊತ್ತಿನಲ್ಲಿ ಊರಿಗೆ ಊರೇ ಕರೆಂಟು ಎಳೆಯುತ್ತದೆ, ಶಾಲೆಯವರು ಕೈ ಬಿಗಿಹಿಡಿದು ಬಳಸಿ ಎಂದು ವಿದ್ಯುತ್ ಕಚೇರಿಯಿಂದ ಪತ್ರ ಬಂದಿತ್ತು. ಕಾವಲಿಗೆ ಯಾರು ಎಂದಾಗ ಸ್ಟಾಫ್ ರೂಮಿನ ಕಣ್ಣುಗಳೆಲ್ಲ ಡ್ರಾಯಿಂಗ್ ಮೇಷ್ಟ್ರ ಮೇಲೆ ಬಿದ್ದವು. ಪರೀಕ್ಷೆಯಿಲ್ಲದ ವಿಷಯದವರಿಗೆ ಸದಾ ಬಿಡುವೆಂದು ಎಲ್ಲರ ನಂಬಿಕೆ.

“ದಾಟಿದ್ರೆ ಒಂದು ಕೋಣೆ ಮುಚ್ಚಲೇಬೇಕಾಗತ್ತೆ ಮೇಷ್ಟ್ರೇ,” ಎಂದರು ಮುಖ್ಯೋಪಾಧ್ಯಾಯಿನಿ, ಮೆತ್ತಗೆ. “ಯಾವ ಕೋಣೆ ಅಂತ ಬಾಯಿಬಿಟ್ಟು ಹೇಳ್ಬೇಕಾ?”

ಬೇಕಿರಲಿಲ್ಲ. ಅವರಿವರ ಕೈಕಾಲು ಹಿಡಿದು ಹದಿನೆಂಟು ವರ್ಷ ಉಳಿಸಿಕೊಂಡ ಡ್ರಾಯಿಂಗ್ ಕೋಣೆ ಅದು.

ಎರಡಕ್ಕೆ ಫ್ಯಾನುಗಳೆಲ್ಲ ನಿಂತವು. ಅಂಕಿ ಹದಿನೇಳು. ಹತ್ತೇ ನಿಮಿಷಕ್ಕೆ ಹತ್ತೊಂಬತ್ತು. ಮೇಷ್ಟ್ರು ಮೂಸುತ್ತ ಹೊರಟು, ಬೀರುವಿನೊಳಗೆ ಉತ್ತರಪತ್ರಿಕೆಗಳ ಹಿಂದೆ ಗಣಿತದ ಮೇಡಂ ಕುದಿಯಲಿಟ್ಟಿದ್ದ ಟೀ ಕೆಟಲನ್ನು ಪತ್ತೆಹಚ್ಚಿ ಆರಿಸಿದರು. ಗುಮಾಸ್ತರು ಮೇಜಿನಡಿ ಟೇಬಲ್ ಫ್ಯಾನನ್ನು ಕದ್ದ ಕೋಳಿಯಂತೆ ಕಾಲುಗಳ ನಡುವೆ ಅವಿತಿಟ್ಟಿದ್ದರು. ಅದೂ ನಿಂತಿತು. ಇಬ್ಬರೂ ಮೇಷ್ಟ್ರ ಜೊತೆ ಮಾತು ಬಿಟ್ಟರು.

ಫ್ಯಾನಿಲ್ಲದ ಮಕ್ಕಳು ನಲ್ಲಿಗೆ ಮುಗಿಬಿದ್ದದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲು ತಮ್ಮ ಮುಖ ತೊಳೆದರು, ಆಮೇಲೆ ಪಕ್ಕದವರದು. ಮೂರೂವರೆಗೆ ಟ್ಯಾಂಕು ಖಾಲಿಯಾಯಿತು. ಖಾಲಿಯಾದರೆ ತಾನಾಗಿ ಏಳುವ ಪಂಪು ಗುರ್ರೆಂದಿತು. 19.9.

ಪಂಪಿನ ಕೋಣೆಯ ಬೀಗದ ಕೈ, ಅಂಚೆ ಕಚೇರಿಗೆ ಹೋಗಿದ್ದ ಜವಾನನ ಜೇಬಿನಲ್ಲಿತ್ತು. ಇತ್ತ ಎದುರಿನ ಎತ್ತರದ ಕಟ್ಟಡದ ನೆರಳು ಅಂಗಳದಲ್ಲಿ ತೆವಳಿ ಬರುತ್ತಿತ್ತು. ಅದು ಮುಟ್ಟಿತೆಂದರೆ ಸಾಲಿನ ಮೂರು ತರಗತಿಗಳಿಗೂ ಕತ್ತಲು, ಮೂರರಲ್ಲೂ ಟ್ಯೂಬ್‌ಲೈಟು. ನೆರಳಿಗೂ ಮೊದಲ ತರಗತಿಯ ಹೊಸ್ತಿಲಿಗೂ ನಡುವೆ ಎರಡೇ ಗೇಣು.

ಮೇಷ್ಟ್ರು ಮೂರೂ ತರಗತಿಗಳಿಗೆ ಓಡಿದರು. “ಎಲ್ರೂ ಎದ್ದೇಳಿ. ಪುಸ್ತಕ ತಗೊಳ್ಳಿ. ನನ್ನ ಕೋಣೆಗೆ ನಡೀರಿ.”

ನೂರಿಪ್ಪತ್ತು ಮಕ್ಕಳು ಸ್ಟೂಲು, ನೆಲ, ಕಿಟಕಿಯ ಕಟ್ಟೆ ತುಂಬಿ ಕೂತರು. ಗೊಣಗುತ್ತಲೇ ಗಣಿತದ ಮೇಡಂ ಪಾಠ ಮುಂದುವರಿಸಿದರು. ಮೇಷ್ಟ್ರು ಮೀಟರಿನ ಮುಂದೆ ನಿಂತರು. ನಾಲ್ಕರ ಗಂಟೆ ಹೊಡೆಯಿತು. ಅಂಕಿ ಗೆರೆ ದಾಟಿರಲಿಲ್ಲ.

ಹಿಂತಿರುಗಿದಾಗ ಮುಖ್ಯೋಪಾಧ್ಯಾಯಿನಿ ಕೋಣೆಯ ನಡುವೆ ನಿಂತಿದ್ದರು. ಎರಡೂ ಬದಿಯ ಕಿಟಕಿಗಳಿಂದ ಬೆಳಕು ಸುರಿಯುತ್ತಿತ್ತು. ಒಂದು ದೀಪವೂ ಉರಿಯುತ್ತಿರಲಿಲ್ಲ.

“ಇಷ್ಟು ವರ್ಷ ಇದನ್ನ ಬಚ್ಚಿಟ್ಕೊಂಡಿದ್ರಲ್ಲ,” ಎಂದರು. “ಕೋಣೆ ಮುಚ್ಚಲ್ಲ, ಮಾತು ಅಂದ್ರೆ ಮಾತು. ನಾಳೆಯಿಂದ ಮಧ್ಯಾಹ್ನ ಗಣಿತ, ವಿಜ್ಞಾನ ಎಲ್ಲ ಇಲ್ಲೇ.”

“ಮತ್ತೆ ಡ್ರಾಯಿಂಗು?”

“ಪಂಪಿನ ಪಕ್ಕದ ಸ್ಟೋರ್ ರೂಮು ಖಾಲಿ ಇದೆಯಲ್ಲ ಮೇಷ್ಟ್ರೇ,” ಎಂದು ಗಣಿತದ ಮೇಡಂ ಅಂದೇ ಮೊದಲ ಸಲ ನಕ್ಕರು.

ಸ್ಟೋರ್ ರೂಮಿಗೆ ಕಿಟಕಿಯಿಲ್ಲ. ಎರಡರಿಂದ ನಾಲ್ಕರವರೆಗೆ ಅಲ್ಲಿ ದೀಪ ಹಾಕುವಂತೆಯೂ ಇಲ್ಲ. ಯಾರೂ ಹಾಕದಂತೆ ನೋಡಿಕೊಳ್ಳುವ ಕೆಲಸ ಡ್ರಾಯಿಂಗ್ ಮೇಷ್ಟ್ರದು.