ಐಬಿದ್ದ ವಜ್ರವೇ ಬೇಕೆನ್ನುವವಳು

ವಜ್ರ ಕಂಡರೆ ಮುಖ ಸಿಂಡರಿಸುವ ಹೆಣ್ಣನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಅಣ್ಣನ ಮಗಳು. ಹೆಸರು ಬರೆಯುವುದಿಲ್ಲ, ಬರೆದರೆ ಇಲ್ಲಿರುವ ಫಿಜಿಕ್ಸಿನ ತಪ್ಪುಗಳಿಗೆ ಆಕೆಯೇ ಕಾರಣವೆಂದು ಜನ ತಿಳಿದಾರು. ತಪ್ಪುಗಳೆಲ್ಲ ನನ್ನವು.

ನೀರಿನಂಥ ಸ್ವಚ್ಛ ವಜ್ರ ತೋರಿಸಿದರೆ "ಕೆಲಸಕ್ಕ ಬರಂಗಿಲ್ರಿ" ಎಂದು ತಿರುಗಿ ಕೊಡುತ್ತಾಳೆ. ಅವಳಿಗೆ ಐಬು ಬೇಕು. ಅದೂ ಎಂಥ ಐಬು? ಇಂಗಾಲದ ಪರಮಾಣುಗಳು ಶಿಸ್ತಾಗಿ ಸಾಲು ಹಿಡಿದು ಕೂತ ಕಡೆ ಒಂದು ಜಾಗ ಖಾಲಿ ಬಿದ್ದಿರಬೇಕು, ಅದರ ಮಗ್ಗುಲಿಗೆ ಸಾರಜನಕದ ಒಂದು ಪರಮಾಣು ಬಂದು ಕೂತಿರಬೇಕು. ಆ ಖಾಲಿ ಜಾಗಕ್ಕೆ ಎಲ್ಲಿಂದಲೋ ಒಂದು ಎಲೆಕ್ಟ್ರಾನ್ ಬಂದು ನೆಲೆಸಿದರೆ, ಹಸಿರು ಬೆಳಕು ಬಿಟ್ಟಾಗ ಆ ಚುಕ್ಕೆ ಕೆಂಪಗೆ ಹೊಳೆಯುತ್ತದಂತೆ. ಮುಂದೆ ಬರಲಿರುವ ಕ್ವಾಂಟಮ್ ಯಂತ್ರಗಳಿಗೆ ಅದೇ ಕಣ್ಣು, ಅದೇ ನೆನಪು. ಎಲೆಕ್ಟ್ರಾನ್ ಎದ್ದುಹೋಯಿತೋ, ಬಣ್ಣ ಬದಲಾಗಿ ಚುಕ್ಕೆ ಕೆಲಸಕ್ಕೆ ಬಾರದಂತಾಗುತ್ತದೆ. ಅದನ್ನು ಏಳದಂತೆ ಕೂಡಿಸುವುದೇ ಈಕೆಯ ಪಿಎಚ್.ಡಿ. ನಾಲ್ಕು ವರ್ಷದಿಂದ ಕೂಡಿಸುತ್ತಿದ್ದಳು. ಅದು ಏಳುತ್ತಿತ್ತು.

"ಎಲೆಕ್ಟ್ರಾನ್ ಒಂದು ಹೆಚ್ಚಿಗಿ ಬಂದ್ರ ಅದಕ್ಕ ಏನಂತೀರಿ?" ಎಂದು ಒಮ್ಮೆ ಕೇಳಿದೆ.

"ಮೈನಸ್ ಅಂತೀವ್ರಿ ಅತ್ತಿ."

"ಬಂದ್ರ ಮೈನಸ್ಸಾ? ಹೋದ್ರ?"

"ಸೊನ್ನಿ."

ನಮ್ಮ ಕಾನ್ವೆಂಟಿನ ಸಿಸ್ಟರ್ ಇದನ್ನು ಕೇಳಿದ್ದರೆ ಇಡೀ ಲ್ಯಾಬೊರೇಟರಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಆ ವರ್ಷ ಬರಗಾಲ. ಔರಾದ್ ಕಡೆಯ ಬಸ್ಸುಗಳು ಹೋಗುವಾಗ ಖಾಲಿ, ಬರುವಾಗ ಗುಳೆ ಹೊರಟವರ ಗಂಟುಮೂಟೆ. ಬರ ನಮ್ಮ ಹೊಲಗಳಿಗಷ್ಟೇ ಎಂದು ನಾನು ತಿಳಿದಿದ್ದೆ. ಅದು ಲೇಸರಿಗೂ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಆ ಯಂತ್ರವನ್ನು ತಂಪಾಗಿಡಲು ನೀರು ಹರಿಯುತ್ತಿರಬೇಕಂತೆ. ಆಕೆ ಕಲಿಯುವ ಊರಿನಲ್ಲಿ ನೀರು ನಿಂತಿತು, ಲ್ಯಾಬಿಗೆ ಬೀಗ ಬಿತ್ತು. ಅತ್ತ ಆಕೆಯ ಗೈಡು, ಈ ವರ್ಷದೊಳಗೆ ಎಲೆಕ್ಟ್ರಾನ್ ನಿಲ್ಲದಿದ್ದರೆ ವಿಷಯ ಬದಲಿಸು, ಮೊದಲಿನಿಂದ ಶುರು ಮಾಡು ಎಂದು ಹೇಳಿಯಾಗಿತ್ತು. ಹುಡುಗಿ ಬ್ಯಾಗು ಹೊತ್ತುಕೊಂಡು ಬೀದರಿಗೆ, ಚಿದ್ರಿಯ ನನ್ನ ಮನೆಗೆ ಬಂದಳು.

ಬಂದವಳು ಒಂದು ಕಡೆ ಕೂತವಳೇ ಅಲ್ಲ. ಅಡಿಗೆಮನೆಯಿಂದ ತಲಬಾಗಿಲಿಗೆ, ತಲಬಾಗಿಲಿನಿಂದ ಅಡಿಗೆಮನೆಗೆ. ಅರ್ಧ ಕುಡಿದ ಚಹಾದ ಕಪ್ಪುಗಳು ಕಿಟಕಿಯಲ್ಲಿ, ಹೊಲಿಗೆ ಮಷೀನಿನ ಮೇಲೆ, ಒಮ್ಮೆ ನನ್ನ ಡಿಕ್ಷನರಿಯ ಮೇಲೆ. "ಸಿಟ್ ಡೌನ್, ಚೈಲ್ಡ್" ಎಂದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ದನಿ ಅದು, ಎಂಥ ಕ್ಲಾಸನ್ನೂ ಕೂಡಿಸುತ್ತಿತ್ತು. ಆಕೆ "ಹೂಂ ಅತ್ತಿ" ಎನ್ನುತ್ತ ನಡೆದೇ ಹೋದಳು. ಎಲೆಕ್ಟ್ರಾನಿಗೆ ಈ ಚಾಳಿ ಯಾರಿಂದ ಬಂದಿರಬೇಕೆಂದು ನನಗೆ ಅಂದೇ ಗುಮಾನಿ ಬಂತು.

ಮಗಳು ಹೇಗೂ ಬಂದಿದ್ದಾಳಲ್ಲ ಎಂದು ಭಾತಂಬ್ರಾದಲ್ಲಿದ್ದ ಅಣ್ಣ ಭಾಲ್ಕಿಯಲ್ಲೊಂದು ಸಂಬಂಧ ಗೊತ್ತುಮಾಡಿದ. ಹುಡುಗ ಲೆಕ್ಚರರ್. ಒಳ್ಳೆಯ ಮನೆತನ. ನಾನೇ ಕರೆದುಕೊಂಡು ಹೋದೆ. ಹುಡುಗನ ತಾಯಿಯ ಕಿವಿಯಲ್ಲಿ ವಜ್ರದ ಓಲೆ. ನಾನು ಇವಳ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಈಕೆ ಪರ್ಸಿನಿಂದ ಹಸಿರು ಲೇಸರ್ ಪೆನ್ನು ತೆಗೆದಾಗಿತ್ತು. ಪೇಢೆಯ ಡಬ್ಬಿಗೆ ಸುತ್ತಿದ್ದ ಕೆಂಪು ಜಿಲೇಟಿನ್ ಹಾಳೆಯನ್ನೂ ಬಿಚ್ಚಿಕೊಂಡು, ಹಸಿರು ತಡೆದು ಕೆಂಪಷ್ಟೇ ಕಾಣಲೆಂದು ಕಣ್ಣಿಗೆ ಹಿಡಿದಳು.

"ಓಲಿ ತೆಗೆದು ಕೊಡ್ರಿ ಬಾಯಿ, ಒಂದ್ ಮಿನಿಟ್."

ಹುಡುಗನ ತಾಯಿ ಗಾಬರಿಯಲ್ಲಿ ತೆಗೆದೇ ಕೊಟ್ಟರು. ನಮ್ಮ ಹುಡುಗಿ ನೋಡಿ ನಿಟ್ಟುಸಿರುಬಿಟ್ಟಳು. "ಭಾಳ ಶುದ್ಧ ಅದ್ರಿ."

ಬೀಗಿತ್ತಿಯ ಮುಖ ಅರಳಿತು.

"ಅಂದ್ರ ಏನೂ ಉಪಯೋಗಿಲ್ರಿ."

ಚಹಾ ಬರುವ ಮೊದಲೇ ನಮಗೆ ಬಸ್ಸಿನ ವೇಳೆ ತಿಳಿಸಲಾಯಿತು. ದಾರಿಯಲ್ಲಿ, "ಹೋಗ್ಲಿ, ಹುಡುಗ ಹ್ಯಾಂಗಿದ್ದ?" ಎಂದು ಕೇಳಿದೆ.

ಆಕೆ ಕಿಟಕಿಯಿಂದ ತಿರುಗಿ ನೋಡಿದಳು. "ಹುಡುಗ ಎಲ್ಲಿದ್ದನ್ರಿ?"

ಇನ್ನು ಟ್ಯಾಂಕರಿನ ಪ್ರಸಂಗ. ನಮ್ಮ ಓಣಿಯಲ್ಲಿ ಟ್ಯಾಂಕರ್ ಮಧ್ಯಾಹ್ನ ಬರುವುದಾದರೆ ಕೊಡಗಳು ಬೆಳಿಗ್ಗೆಯೇ ಸಾಲು ನಿಲ್ಲುತ್ತವೆ. ಹೆಂಗಸರು ಮನೆಗೆಲಸಕ್ಕೆ ಹೋಗುತ್ತಾರೆ, ಕೊಡ ಅವರ ಪರವಾಗಿ ನಿಂತಿರುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಒಂದು ದಿನ ನೆರಳಿಗೆ ಕೂತ ನಾಲ್ಕು ಹೆಂಗಸರು, ನೀ ಏನ್ ಓದ್ತಿ ಎಂದು ಈಕೆಯನ್ನು ಕೇಳಿಬಿಟ್ಟರು. ಕೇಳಬಾರದಿತ್ತು.

"ಇವೆಲ್ಲ ಇಂಗಾಲ ಅಂತ ತಿಳೀರಿ" ಎಂದವಳೇ ಸಾಲಿನ ನಡುವಿನ ಒಂದು ಕೊಡ ಎತ್ತಿ ಕಂಕುಳಲ್ಲಿಟ್ಟುಕೊಂಡಳು. "ಈಗ ಇಲ್ಲಿ ಜಾಗ ಖಾಲಿ ಆಯ್ತು."

ಅದೇ ಹೊತ್ತಿಗೆ ಟ್ಯಾಂಕರ್ ತಿರುವಿನಲ್ಲಿ ಹಾರ್ನ್ ಹೊಡೆಯಿತು. ಖಾಲಿ ಜಾಗ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮಾಯ. ಹಿಂದಿನ ಕೊಡಗಳೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದಿದ್ದವು. ಎತ್ತಿದ ಕೊಡ ಎದುರುಮನೆಯ ಕಮಲಾಬಾಯಿಯದು. ಔರಾದಿನವಳು, ಮನೆಮಂದಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ ಮೇಲೆ ಇಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದಳು.

"ಬರಗಾಲದಾಗ ಸಾಲಿನ್ಯಾಗ ಜಾಗ ಖಾಲಿ ಉಳೀತದೇನವ್ವಾ? ಎಷ್ಟನೇ ಕ್ಲಾಸ್ ಓದೀದಿ ನೀ?" ಎಂದು ಹರಿಹಾಯ್ದಳು.

ನಮ್ಮೆರಡು ಕೊಡದ ನೀರನ್ನು ಆಕೆಗೆ ಕೊಟ್ಟು ಸಮಾಧಾನ ಮಾಡಿದ್ದಾಯಿತು. ಸಿಟ್ಟಿಳಿದ ಮೇಲೆ ಕಮಲಾಬಾಯಿ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. "ಹೋಗೋರಿಗಿ ಕಟ್ಟಿ ಹಾಕಲಿಕ್ಕ ಬರಂಗಿಲ್ಲ. ಬಾಜೂ ಮನಿಯವರು ಕೊಡೋರಿದ್ರ ಯಾಕ ಹೋಗ್ತಾರ?"

ಕಥೆಯಲ್ಲಾಗಿದ್ದರೆ ವಿಜ್ಞಾನಿಗೆ ಇಲ್ಲಿ ಕಣ್ಣು ತೆರೆಯಬೇಕು. ನಮ್ಮವಳು, "ಅದು ಮೊದಲೇ ಮಾಡ್ಯಾರ್ರಿ ಮಾವಶಿ. ಬಾಜೂಕ ಎಲೆಕ್ಟ್ರಾನ್ ಕೊಡೋ ಫಾಸ್ಫರಸ್ ಇಡ್ತಾರ. ನನ್ನ ಚುಕ್ಕಿ ವಜ್ರದ ಮ್ಯಾಲಿನ ಪದರಿನಾಗ ಅದ, ಎಲೆಕ್ಟ್ರಾನ್ ಅಲ್ಲಿಂದ ಹೊರಗ ಓಡ್ತದ" ಎಂದಳು.

"ಹಂಗಾದ್ರ ಬಾಗಿಲಾ ಹಾಕು."

"ಅದೇ ಹುಡುಕಲಿಕ್ಕತ್ತೀನಿ. ಬಾಗಿಲಾನೇ ಸಿಗವಲ್ದು."

ಲ್ಯಾಬ್ ತೆರೆಯಿತೆಂದು ಸುದ್ದಿ ಬಂದ ದಿನವೇ ಆಕೆ ಹೊರಟುಹೋದಳು. ನಡೆದಾಡುವ ಸದ್ದಿಲ್ಲದೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಎದ್ದು ತಲಬಾಗಿಲಿಗೆ ಹೋದೆ, ಅಡಿಗೆಮನೆಗೆ ಬಂದೆ. ಸಿಲ್ಲಿ ಓಲ್ಡ್ ವುಮನ್.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳ ಫೋನು. ಎಲೆಕ್ಟ್ರಾನ್ ಹೊರಗೋಡದಂತೆ ಮೇಲ್ಪದರಕ್ಕೆ ಆಮ್ಲಜನಕದ ಹೊಸ ಹೊದಿಕೆ ಹಾಕಿದ್ದಾಳಂತೆ. ಇದೇ ಕೊನೆಯ ತುಂಡು. ಒಂದು ತಾಸು ಕೆಂಪು ನಿಂತರೆ ನಿಂತ ಹಾಗೆ, ಇಲ್ಲವಾದರೆ ನಾಲ್ಕು ವರ್ಷ ನೀರಿಗೆ.

"ಅತ್ತಿ, ಮಾತಾಡಬ್ಯಾಡ್ರಿ. ಫೋನ್ ಅಷ್ಟು ಹಿಡಕೊಂಡಿರ್ರಿ. ನಾ ಒಬ್ಬಾಕಿನೇ ನೋಡಿದಾಗೆಲ್ಲ ಅದು ಹೋಗ್ಯದ."

ಸೈನ್ಸ್ ಓದಿದವಳು ಆಡುವ ಮಾತೇ ಇದು? ಆದರೂ ಹಿಡಿದುಕೊಂಡೆ. ಅತ್ತ ಕಡೆ ಯಂತ್ರದ ಗುಂಯ್ ಸದ್ದು, ಆಕೆಯ ಉಸಿರು. ಆಕೆ ನಡೆಯುತ್ತಿರಲಿಲ್ಲ. ಮೊದಲ ಸಲ ಒಂದೇ ಕಡೆ ಕೂತಿದ್ದಳು.

ಅರ್ಧ ತಾಸು ಕಳೆದಿರಬೇಕು. ಅಂಗಳದಲ್ಲಿ ನಳ ಕೆಮ್ಮಿತು, ಗಾಳಿ ಉಗುಳಿತು, ನೀರು ಬಂತು. ಹನ್ನೊಂದು ದಿನದ ಮೇಲಿನ ನೀರು. ಓಣಿ ತುಂಬ ಬಕೀಟುಗಳ ಗದ್ದಲ.

"ನಳಾ ಬಂತೇನ್ರಿ ಅತ್ತಿ? ಹೋಗ್ರಿ, ತುಂಬಿಕೊಳ್ರಿ."

"ಬರ್ಲಿ. ನೀ ನೋಡು."

ನೀರು ಬಂದಷ್ಟು ಬಂದು ನಿಂತಿತು. ಕೈ ಜೋಮು ಹಿಡಿದಿತ್ತು. ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಲಿಲ್ಲ, ಎಲ್ಲಿ ಕಟ್ಟಾಗುವುದೋ ಎಂದು. ಗಡಿಯಾರದಲ್ಲಿ ತಾಸು ಕಳೆದು ಮೇಲೆ ಐದು ನಿಮಿಷವಾಯಿತು. ನಾನೇ ಮೆಲ್ಲಗೆ ಕೇಳಿದೆ, "ಅದ ಏನವ್ವಾ?"

ಮೂಗು ಏರಿಸಿದ ಸದ್ದು ಕೇಳಿತು.

"ಅದ, ಅತ್ತಿ. ಕೂತದ."