ನಾ ನರ್ಸ್ ಆಗಾಕ ಹೊಂಟಾಗಿನ ಫಜೀತಿ

ಕೆಲವರ ಹಣೀಬರಹದಾಗ ರಾಜಯೋಗ ಇರ್ತದ, ನನ್ನ ಹಣೀಬರಹದಾಗ ಬರೇ ಫಜೀತಿ. ನಾ ಸುಮ್ಮನ ಕೂತ್ರೂ ಅದು ಮನಿ ಹುಡಿಕ್ಕೊಂಡು ಬರ್ತದ. ಇನ್ನ ನರ್ಸ್ ಆಗ್ತೀನಂತ ನಾನ ಎದ್ದು ಹೊಂಟ್ರ ಕೇಳಬೇಕೇನ್ರಿ?

ಆಗಿನ್ನೂ ನಿಜಾಮರ ಕಾಲ. ರಾಯಚೂರಾಗ ಕೋಟಿ ಹತ್ತಿರ ನಮ್ಮ ಮನಿ. ಅಪ್ಪ ಸಾಲಿ ಮಾಸ್ತರ. ಆದ್ರ ಮನಿಯೊಳಗ ಹುಕುಂ ಎಲ್ಲಾ ಅಜ್ಜೀದು, ಅಂದ್ರ ಅಪ್ಪನ ಅವ್ವಂದು. ಆಕಿ ಮಡೀಲಿದ್ದಾಗ ನಮ್ಮ ಸೆರಗಿನ ಗಾಳಿ ತಾಕಿದ್ರೂ ಮತ್ತ ಬಾವಿಕಟ್ಟಿಗೆ ಹೋಗಿ ತಲಿಮ್ಯಾಲ ನೀರು ಹಾಕ್ಕೊಳ್ಳಾಕಿ.

ನಮ್ಮೂರ ದವಾಖಾನಿಯ ದೊಡ್ಡ ನರ್ಸಮ್ಮ ತೆಲುಗಿನಾಕಿ. "ಒಂದಷ್ಟು ದಿನ ಹಗಲೊತ್ತು ಬಂದು ಕೆಲಸ ನೋಡು. ನಿನ್ನ ಕೈಲಾದ್ರ ಹೈದರಾಬಾದಿಗೆ ಕಲಿಯಾಕ ಕಳಸ್ತೀನಿ" ಅಂದಿದ್ಲು. ಅಪ್ಪ, "ದವಾಖಾನಿಗೆ ಹೋಗಿ ನೋಡು. ನಿಮ್ಮಜ್ಜಿ ಹೂಂ ಅಂದ್ರ ಹೈದರಾಬಾದಿಗೆ ಹೋಗು. ಇಲ್ಲಂದ್ರ ದೇವದುರ್ಗದ ವರ ತಯಾರ್ ಅದಾನ" ಅಂದ. ಆ ವರನ್ನ ನಾ ನೋಡಿದ್ದೆ. ಮಾತಿಗೊಮ್ಮೆ ನಶ್ಯ ಏರಸಾಂವ, ಅಂವ ಸೀನಿದ್ರ ದೇವರ ಮುಂದಿನ ದೀಪ ಆರ್ತಿತ್ತು. ಅಜ್ಜಿ ಬಾಯಾಗಿಂದ ಒಂದು ಹೂಂ ಹೊರಡಲಿ ಅಂತ ನಾ ದಿನಾ ಹರಕಿ ಹೊರತಿದ್ದೆ.

ಮಾನ್ವಿ ಮಾಮಾನ ತಲಿ

ಮದಲ ಪಟ್ಟಿ ಕಟ್ಟೋದು ಕಲೀಬೇಕಲ್ಲ? ಮಾನ್ವಿಗೆ ಸೋದರಮಾಮಾನ ಮನಿಗೆ ಹೋಗಿದ್ದೆ. ಮಧ್ಯಾಹ್ನ ಮಾಮಾ ಪಡಸಾಲ್ಯಾಗ ಗೊರಕಿ ಹೊಡಿಯಾಕತ್ತಿದ್ದ. ಇಂಥಾ ತಲಿ ಮತ್ತ ಎಲ್ಲಿ ಸಿಗಬೇಕು! ಹಳೀ ಧೋತ್ರ ಹರದು, ಹಣೀಲಿಂದ ಗದ್ದದತನಕ ಪಟ್ಟಿ ಸುತ್ತಿದೆ. ಖರೇ ಗಾಯದಂಗ ಕಾಣಲಿ ಅಂತ ಚೂರು ಕುಂಕುಮದ ನೀರೂ ಹಚ್ಚಿದೆ.

ಮಜ್ಜಿಗಿ ಕೇಳಾಕ ಬಂದ ಬಾಜೂ ಮನಿಯಾಕಿ ನೋಡಿ, "ಅಯ್ಯಯ್ಯ, ಆಚಾರ್ರ ತಲಿ ಒಡದದ!" ಅಂತ ಓಡಿದ್ಲು. ಮಾಮಾ ಎದ್ದು ಪಟ್ಟಿ ಬಿಚ್ಚಿ ಒಗಿಯೋದ್ರಾಗ ಸುದ್ದಿ ದೇವದುರ್ಗಕ್ಕ, ಅಂವನ ಅತ್ತಿಮನಿಗೆ ಹೊಂಟಿತು. ಮರುದಿನ ಮಂದಿ ಬಂದೇಬಿಟ್ರು. ಯುದ್ಧದ ಕಾಲ, ಪೆಟ್ರೋಲ್ ಇಲ್ಲದ ಮೋಟಾರು ಇದ್ದಲಿ ಹೊಗಿ ಮ್ಯಾಲೆ ಓಡ್ತಿತ್ತು. ಎಲ್ಲರ ಮಾರಿ ಮಸಿ, ಮಸಿ ಮ್ಯಾಲ ಕಣ್ಣೀರಿನ ಗೆರಿ.

ಅವರು ಓಣ್ಯಾಗ ಅಳಕೋತ ಬರೋದು ಕೇಳಿ ಮಾಮಿ ಹೌಹಾರಿದ್ಲು. "ಅಷ್ಟು ದೂರದಿಂದ ಅಳಕೋತ ಬಂದವರಿಗೆ ಏನೂ ಆಗಿಲ್ಲಂತ ಹೆಂಗ ಹೇಳೋದು? ಮರ್ಯಾದಿ ಪ್ರಶ್ನಿ. ಕಟ್ಟಲೇ ಮತ್ತ ಪಟ್ಟಿ!" ಅಂದ್ಲು. ಕಟ್ಟಿದೆ. ಮಾಮಾ ಮಲಗಿ ನರಳಿದ, ಭಾಳ ಛಂದ ನರಳಿದ.

ಅತ್ತಿಮನಿಯವರು ಡಬ್ಬಿ ತುಂಬ ಹೋಳಿಗಿ ತಂದಿದ್ರು. ಮಾಮಾ ಕೈ ಚಾಚಿದ್ರ ಅಂವನ ಅತ್ತಿ ತಡದ್ಲು. "ತಲಿಗೆ ಪೆಟ್ಟಾದವರು ಅಗಿಯಬಾರದು. ಗಂಜಿ ಕುಡೀರಿ." ಎಲ್ಲರೂ ಅಂವನ ಕಣ್ಣೆದುರಿಗೇ ತುಪ್ಪ ಹಚ್ಚಿ ಹೋಳಿಗಿ ಹೊಡದ್ರು, ಅಂವ ಗಂಜಿ ಕುಡದ.

ಅವರು ಹೋದ ಮ್ಯಾಲ ಮಾಮಾ ನನ್ನ ಕರದ. ಬೈತಾನಂತ ತಲಿ ಬಗ್ಗಿಸಿ ನಿಂತೆ. "ಮುಂದಿನ ಸಲ ಕಾಲಿಗೆ ಕಟ್ಟವ್ವಾ" ಅಂದ. "ಕಾಲು ಮುರದವಗ ಹೋಳಿಗಿ ನಡೀತದ."

ಮಂಚದ ಮ್ಯಾಲಿನಾಕಿ

ದವಾಖಾನಿಗೆ ಹೋಗಾಕ ಸುರು ಮಾಡಿದೆ. ಒಂದಿನ ದೊಡ್ಡ ನರ್ಸಮ್ಮ ಔಡಲೆಣ್ಣಿ ಬಟ್ಟಲ ಕೈಯಾಗಿಟ್ಟು, "ಕಿಡಕಿ ಹತ್ತಿರ ಮಂಚದ ಮ್ಯಾಲಿನಾಕಿಗೆ ಕುಡಸು. ಹೊಟ್ಟಿ ಕಟ್ಟೇದ" ಅಂದ್ಲು.

ಹೋದೆ. ಮಂಚದ ಮ್ಯಾಲ ಗಟ್ಟಿಮುಟ್ಟಾದ ಹೆಂಗಸು ಚಕ್ಕಂಬಕ್ಕಳ ಹಾಕಿ ಕೂತಿದ್ಲು. ಬಾಜೂಕ ಒಂದು ಹುಡುಗಿ ತಲಿಮ್ಯಾಲ ಸೆರಗು ಹೊತ್ತು ಗ್ವಾಡಿ ಹಿಡಕೊಂಡು ನಿಂತಿದ್ಲು.

"ಕುಡೀರಿ" ಅಂದೆ.

"ಏ, ಯಾಕ ತ್ರಾಸ ತಗೊಂಡಿ ಯವ್ವಾ?" ಅಂದ್ಲು ಆಕಿ.

"ತ್ರಾಸೇನು? ನಮ್ಮ ಕೆಲಸ ಅದು."

ಆಕಿ ಎರಡೂ ಕೈಲಿ ಬಟ್ಟಲ ತಗೊಂಡು, ಮಾರಿ ಕಿವಿಚಿ, ಒಂದ ಗುಟುಕಿಗೆ ಏರಿಸಿದ್ಲು. "ಪ್ಯಾಟಿ ಮಂದೀದು ರುಚಿ ಬ್ಯಾರೆ ಬಿಡು. ಆದ್ರೂ ಬಂದವರಿಗೆ ಉಪಚಾರ ಮಾಡ್ತೀರಲ್ಲ, ದೊಡ್ಡದು" ಅಂದು, ಗುಂಜಹಳ್ಳಿ ಬಂಡಿ ಹೊಂಟದಂತ ಗಡಬಡಿಸಿ ಎದ್ದು ಹೋದ್ಲು.

ಆಕಿ ಹೋದ ಕೂಡ್ಲೇ ಗ್ವಾಡಿಗೆ ನಿಂತ ಹುಡುಗಿ ಮೆಲ್ಲಕ ಬಂದು ಮಂಚ ಹತ್ತಿ ಮಲಗಿದ್ಲು. ನಾ ಖಾಲಿ ಬಟ್ಟಲ ನೋಡಿ, ಆಕೀನ್ನ ನೋಡಿದೆ. "ಬೀಮಾರಿ ನಿನಗೇನ?"

"ಹೂಂ ಯಕ್ಕಾ. ಆಕಿ ನಮ್ಮತ್ತಿ. ಅತ್ತಿ ಮುಂದ ಸೊಸಿ ಮಂಚದ ಮ್ಯಾಲ ಮಲಗಿದ್ರ ಛಲೋ ಕಾಣತದೇನು? ಅದಕ್ಕ ನಾ ಇಳದೆ, ಆಕಿ ಏರಿದ್ಲು."

ಮರುದಿನ ಊರಿಂದ ಬಂದವರು ಹೇಳಿದ್ರು. ಬಂಡಿ ಗುಂಜಹಳ್ಳಿ ಮುಟ್ಟೋತನಕ ಒಂದು ಜಾಲಿಗಿಡನೂ ಬಿಟ್ಟಿಲ್ಲಂತ, ಎಲ್ಲಾ ಕಡಿ ನಿಂತ್ಕೋತ ಹೋಗಿತ್ತಂತ. ದೊಡ್ಡ ನರ್ಸಮ್ಮ ನನಗ ಬೈದಿದ್ದು ಬೀದಿಗೆ ಕೇಳಿತು. ಸೊಸಿ ಮಾತ್ರ ನಕ್ಕು ನಕ್ಕು ಅರ್ಧ ಆರಾಮಾಗಿದ್ಲು. ಸೆರಗು ಬಾಯಿಗಿಟ್ಟು ನನ್ನ ಕಿವ್ಯಾಗ ಅಂದ್ಲು: "ಯಕ್ಕಾ, ಸಂತಿ ದಿನ ಅತ್ತಿ ಮತ್ತ ಬರ್ತಾಳ. ಒಂದು ಬಟ್ಟಲ ತಗದಿಟ್ಟಿರು."

ಅಜ್ಜಿ ಕುರು

ಈ ಎರಡೂ ಸುದ್ದಿ ಅಜ್ಜಿಗೆ ಮುಟ್ಟಿದ್ವು. ಮದಲ ದವಾಖಾನಿ ಮೈಲಿಗಿ ಅಂತ ದಿನಾ ಸಂಜಿ ನನ್ನ ಹಿತ್ತಲದಾಗ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿವ್ತಿದ್ಲು. ಈಗಂತೂ "ಸಾಕು ಇದರ ನರ್ಸಗಿರಿ. ದೇವದುರ್ಗದವರಿಗೆ ಹೇಳಿಕಳಸು" ಅಂತ ಅಪ್ಪಗ ಗಂಟು ಬಿದ್ಲು. ನನಗ ಕಣ್ಣುಮುಚ್ಚಿದ್ರ ನಶ್ಯದ ವಾಸನಿ ಬರಾಕತ್ತಿತು.

ಅಷ್ಟರಾಗ ಅಜ್ಜಿ ಬಲಗೈಗೆ ಕುರು ಎದ್ದಿತು. ಉಳ್ಳಾಗಡ್ಡಿ ಸುಟ್ಟು ಕಟ್ಟಿದ್ರೂ ಒಡೀಲಿಲ್ಲ. ನೋವು ತಡೀಲಾರದ ದವಾಖಾನಿಗೆ ಬರಾಕ ಒಪ್ಪಿದ್ಲು. ಟಾಂಗಾದಾಗ ದಾರಿಯುದ್ದಕ್ಕೂ, "ಆ ನರ್ಸಮ್ಮ ಯಾವ ಮಂದಿ, ಯಾವ ಕುಲ, ಕೇಳೇ ಕೇಳ್ತೀನಿ. ಇವತ್ತ ನಿನ್ನ ಕೆಲಸ ಬಿಡಿಸಿಕೊಂಡೇ ಬರ್ತೀನಿ" ಅಂದ್ಲು. ನಾ ಹಾದ್ಯಾಗಿನ ಗುಡಿಗೆಲ್ಲಾ ಕೈ ಮುಗಕೋತ ಕೂತಿದ್ದೆ.

ದೊಡ್ಡ ನರ್ಸಮ್ಮ ಶುಭ್ರ ಬಿಳೀ ಅರಿವ್ಯಾಗ ನಿಂತು ಕೈ ತೊಳಿಯಾಕತ್ತಿದ್ಲು. ಮೊಣಕೈತನಕ ತಿಕ್ಕಿದ್ಲು, ಮತ್ತ ತಿಕ್ಕಿದ್ಲು. ಅಜ್ಜಿ ಕಣ್ಣು ಸಣ್ಣಾದ್ವು. ಕತ್ತರಿ, ಚಿಮಟಾ ಎಲ್ಲಾ ಕುದಿಯೋ ನೀರಾಗಿದ್ವು. ಅವನ್ನ ಕೈಲೆ ಮುಟ್ಟದ ಇಕ್ಕಳದಿಂದ ಎತ್ತಿ ತಾಟಿನಾಗಿಟ್ಟಳು. ಅಷ್ಟರಾಗ ಡಾಕ್ಟರ್ ಸಾಹೇಬರು ಒಳಗ ಬಂದು ತಾಟಿಗೆ ಕೈ ಚಾಚಿದ್ರು.

"ಮುಟ್ಟಬ್ಯಾಡ್ರಿ! ಕೈ ತೊಳಕೊಂಡು ಬರ್ರಿ!" ಅಂತ ನರ್ಸಮ್ಮ ಗದರಿದ್ಲು. ಸಾಹೇಬರು ತೆಪ್ಪಗ ಹಿಂದ ಸರದ್ರು.

ಅಜ್ಜಿ ಬಾಯಿ ತೆರದಿದ್ದು ಮುಚ್ಚಲಿಲ್ಲ. ಏನು ತಿಳೀತೋ, "ಇಷ್ಟು ಛಂದ ಹೊಳಿತಾವಲ್ಲ!" ಅಂತ ಒಂದು ಚಿಮಟಾ ಕೈಗೆ ತಗೊಂಡೇಬಿಟ್ಲು.

"ಅಯ್ಯೋ ಅಮ್ಮಾ! ನೀವು ಮುಟ್ಟಿದ್ರಿ, ಎಲ್ಲಾ ಕೆಟ್ಟೋತು!" ದೊಡ್ಡ ನರ್ಸಮ್ಮ ಕೂಗಿ, ತಾಟು ಇದ್ದಂಗ ಎತ್ತಿ ಕುದಿಯೋ ನೀರಿಗೆ ಸುರಿವಿದ್ಲು.

ಮುಗೀತು ನನ್ನ ಕಥಿ, ಅಂದ್ಕೊಂಡೆ. ಜೀವಮಾನದಾಗ ಅಜ್ಜಿಗೆ "ಮುಟ್ಟಿ ಕೆಡಿಸಿದಿ" ಅಂದವರು ಹುಟ್ಟಿದ್ದಿಲ್ಲ. ಆದ್ರ ಅಜ್ಜಿ ತಾನ ಎರಡು ಹೆಜ್ಜಿ ಹಿಂದ ಸರದ್ಲು. ಕೈ ಮುಂದ ಮಾಡಿ ಕುರು ಕೊಯ್ಸಿಕೊಂಡ್ಲು, ಕುಲ ಕೇಳೋದೂ ಮರ್ತಳು.

ಮನಿಗೆ ಬಂದಾಕಿನೇ ಅಪ್ಪನ್ನ ಕರದ್ಲು. "ದೇವದುರ್ಗದವರಿಗೆ ಇಲ್ಲಂತ ಹೇಳಿಕಳಸು."

"ಯಾಕವ್ವಾ, ಏನಾತು?"

"ನನ್ನ ಮೈಲಿಗಿ ಅಂದ್ಲೋ ಆಕಿ, ನನ್ನ! ಇಂಥಾ ಕಟ್ಟಾ ಮಡಿ ಮಠದಾಗೂ ನೋಡಿಲ್ಲ. ಹುಡುಗಿ ಆಕಿ ಕೈಕೆಳಗ ಪಳಗಲಿ. ನನ್ನ ಹತ್ತಿರಂತೂ ಏನೂ ಕಲೀಲಿಲ್ಲ."

ನಾ ಖುಷೀಲೆ ಅಳಕೋತ ಆಕಿನ್ನ ಅಪ್ಪಿಕೊಳ್ಳಾಕ ಓಡಿದೆ. ಅಜ್ಜಿ ಗಾಬರ್ಯಾಗಿ ಗ್ವಾಡಿಗೆ ಸರದು ಎರಡೂ ಕೈ ಎತ್ತಿದ್ಲು.

"ದೂರ! ದೂರ ನಿಂದ್ರಲೇ! ನೀ ದವಾಖಾನಿಯಾಗ ಕೆಲಸ ಮಾಡಾಕಿ, ನಾ ಇನ್ನೂ ಸ್ನಾನ ಮಾಡಿಲ್ಲ. ನನ್ನ ಮುಟ್ಟಿದ್ರ ನಿನ್ನ ಮಡಿ ಕೆಡತದ!"